ಒಂದೇ ರಾತ್ರಿ ಕೈಕಾಲು ಆಡಿಸುವ ಶಿಲ್ಪಗಳು

ವಿಜಯದಶಮಿಯ ರಾತ್ರಿ ಮಡಿಕೇರಿ ಮಲಗುವುದಿಲ್ಲ. ಹತ್ತು ದೇವಸ್ಥಾನಗಳಿಂದ ಹತ್ತು ಮಂಟಪಗಳು ಹೊರಡುತ್ತವೆ. ಟ್ರ್ಯಾಕ್ಟರುಗಳ ಮೇಲೆ ಆಳೆತ್ತರ ಮೀರಿದ ದೇವರು, ರಾಕ್ಷಸರು ಕುಳಿತಿರುತ್ತಾರೆ. ಕುಳಿತವರು ಸುಮ್ಮನಿರುವುದಿಲ್ಲ. ಮಹಿಷಾಸುರ ತಲೆ ಕೊಡವುತ್ತಾನೆ, ದೇವಿಯ ಕೈಯ ತ್ರಿಶೂಲ ಮೇಲೇಳುತ್ತದೆ, ಕಂಬ ಬಿರಿದು ನರಸಿಂಹ ಹೊರಬರುತ್ತಾನೆ. ಬೆಳಗಾದ ಮೇಲೆ ಬನ್ನಿ ಕಡಿದು ಎಲ್ಲ ಮುಗಿಯುತ್ತದೆ.

ಚಲಿಸುವ ಶಿಲ್ಪಕ್ಕೆ ಇಂಗ್ಲಿಷಿನಲ್ಲಿ ಕೈನೆಟಿಕ್ ಆರ್ಟ್ ಎನ್ನುತ್ತಾರೆ. ಕಲೆಯ ಚರಿತ್ರೆ ಬರೆದವರು ಅದನ್ನು ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಹುಡುಕುತ್ತಾರೆ. ನಮ್ಮಲ್ಲಿ ಅದು ಬೀದಿಯಲ್ಲೇ ಇದೆ. ಆದರೆ ಅದನ್ನು ನಾವು ಹಬ್ಬದ ಸುದ್ದಿಯಾಗಿ ಓದುತ್ತೇವೆಯೇ ಹೊರತು ಶಿಲ್ಪದ ಚರಿತ್ರೆಯಾಗಿ ಓದಿಲ್ಲ.

ಈ ದಸರಾದ ಬೇರು ಮಂಟಪದಲ್ಲಿಲ್ಲ, ಕರಗದಲ್ಲಿದೆ. ಹಾಲೇರಿ ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಡಿಯಿತು, ಆಗ ಮಾರಿಯಮ್ಮನ ಮೊರೆಹೊಕ್ಕು ಕರಗ ಹೊರಡಿಸಿದರು ಎಂಬುದು ಊರಲ್ಲಿ ನಡೆದುಬಂದ ಮಾತು. ಇಂದಿಗೂ ನವರಾತ್ರಿಯ ಮೊದಲ ದಿನ ಪಂಪಿನ ಕೆರೆಯಿಂದ ನಾಲ್ಕು ಶಕ್ತಿದೇವತೆಗಳ ಕರಗ ಹೊರಡುತ್ತದೆ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ. ಮುಂದಿನ ದಿನಗಳಲ್ಲಿ ಕರಗಗಳು ಕೇರಿ ಕೇರಿ ಸುತ್ತಿ ಮನೆಮನೆಯ ಪೂಜೆ ಪಡೆಯುತ್ತವೆ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ಅರಮನೆಗೆ ಅರಸ ಇಲ್ಲದಾಯಿತು, ಹಬ್ಬ ಮಾತ್ರ ಉಳಿಯಿತು. ಮೈಸೂರು ದಸರಾಕ್ಕೂ ಮಡಿಕೇರಿ ದಸರಾಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಅಲ್ಲಿ ಹಗಲಿನಲ್ಲಿ ಜಂಬೂಸವಾರಿ, ಅದರ ಹಿಂದೆ ಅರಮನೆಯ ನೆನಪು. ಇಲ್ಲಿ ರಾತ್ರಿಯ ಮೆರವಣಿಗೆ, ಅದರ ಹಿಂದೆ ಕೇರಿಯ ಹುಡುಗರ ಸಮಿತಿ, ವಂತಿಗೆ ಪುಸ್ತಕ.

ಕರಗದ ನಾಲ್ಕು ದೇವಸ್ಥಾನಗಳ ಜೊತೆಗೆ ಪೇಟೆ ಶ್ರೀರಾಮಮಂದಿರ, ದೇಚೂರು ಶ್ರೀರಾಮಮಂದಿರ, ಕೋದಂಡರಾಮ, ಚೌಡೇಶ್ವರಿ, ಕೋಟೆ ಮಹಾಗಣಪತಿ, ಕರವಲೆ ಭಗವತಿ ಸೇರಿದರೆ ದಶಮಂಟಪ. ಪೇಟೆ ಶ್ರೀರಾಮಮಂದಿರದ್ದು ಮುಂದೆ, ಉಳಿದವು ಹಿಂದೆ. ಗೋಣಿಕೊಪ್ಪದಲ್ಲೂ ಇದೇ ರಾತ್ರಿ ದಶಮಂಟಪಗಳು ಹೊರಡುತ್ತವೆ.

ಮಂಟಪ ಚಲಿಸಲು ಕಲಿತದ್ದು ನಿಧಾನವಾಗಿ. ಹಿರಿಯರು ಹೇಳುವಂತೆ ಮೊದಲು ದೇವರನ್ನು ಹೆಗಲ ಮೇಲೆ ಹೊರುತ್ತಿದ್ದರು, ಆಮೇಲೆ ಎತ್ತಿನಗಾಡಿ ಬಂತು, ಬೆಳಕಿಗೆ ಪಂಜು, ಗ್ಯಾಸ್‌ಲೈಟು. ಆಗ ಚಲಿಸುತ್ತಿದ್ದದ್ದು ಗಾಡಿ, ದೇವರಲ್ಲ. ಟ್ರ್ಯಾಕ್ಟರು, ಜನರೇಟರು, ಮೋಟಾರು ಬಂದ ಮೇಲೆ ದೇವರ ಕೈಗೆ, ಕುತ್ತಿಗೆಗೆ ಕೀಲು ಬಂತು. ಕೀಲು ಕನ್ನಡಕ್ಕೆ ಹೊಸದೇನಲ್ಲ. ಸೂತ್ರದ ಬೊಂಬೆಯವರಿಗೆ, ಕೀಲುಕುದುರೆ ಕುಣಿಸುವವರಿಗೆ ಅದು ಹಳೆಯ ವಿದ್ಯೆ. ಮಂಟಪದಲ್ಲಿ ಅಳತೆ ದೊಡ್ಡದಾಯಿತು, ಮರ ದಾರದ ಜಾಗಕ್ಕೆ ಕಬ್ಬಿಣ ಬಂತು.

ಅಳತೆ ದೊಡ್ಡದಾದರೆ ಕೆಲಸವೂ ಬೇರೆಯಾಗುತ್ತದೆ. ಹತ್ತಡಿ ಉದ್ದದ ತೋಳು ಎತ್ತಬೇಕೆಂದರೆ ಭುಜದ ಕೀಲಿನ ಮೇಲೆ ಬೀಳುವ ಭಾರ ಲೆಕ್ಕ ಹಾಕಬೇಕು. ಹಿಂಬದಿಗೆ ಸರಿದೂಗುವ ತೂಕ ಕಟ್ಟದಿದ್ದರೆ ಮೋಟಾರು ಸೋಲುತ್ತದೆ. ತೋಳು ಮುಂದೆ ಬಂದಾಗ ಇಡೀ ಶಿಲ್ಪದ ತೂಕ ಮುಂದೆ ವಾಲುತ್ತದೆ. ಮಡಿಕೇರಿಯ ರಸ್ತೆಯಂತೂ ಒಂದು ಫರ್ಲಾಂಗು ಸಮತಟ್ಟಿಲ್ಲ. ಶೆಡ್ಡಿನ ಸಪಾಟು ನೆಲದಲ್ಲಿ ಚೆನ್ನಾಗಿ ಎದ್ದ ತೋಳು ಇಳಿಜಾರಿನಲ್ಲೂ ಏಳಬೇಕು. ಮೇಲೆ ಕರೆಂಟಿನ ತಂತಿ, ಪಕ್ಕದಲ್ಲಿ ಅಂಗಡಿಯ ಸೂರು, ಸುತ್ತ ಸಾವಿರಾರು ಜನ. ವೆಲ್ಡಿಂಗ್ ಮಾಡುವವರು, ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಬಣ್ಣ ಬಳಿಯುವವರು ಒಟ್ಟಿಗೆ ಕೂತು ಯೋಚಿಸಿದರೆ ಮಾತ್ರ ಒಬ್ಬ ಮಹಿಷಾಸುರ ನೆಟ್ಟಗೆ ಬೀಳುತ್ತಾನೆ.

ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇದೇ ಸಮಸ್ಯೆಯ ಜೊತೆ ಬದುಕಿಡೀ ಗುದ್ದಾಡಿದವರು ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್. 1898ರಲ್ಲಿ ಹುಟ್ಟಿದ ಅವರ ಅಪ್ಪ, ಅಜ್ಜ ಇಬ್ಬರೂ ಶಿಲ್ಪಿಗಳು. ಇವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1926ರಿಂದ ಪ್ಯಾರಿಸ್‌ನಲ್ಲಿ ತಂತಿ, ಬಟ್ಟೆ, ಬೆಂಡುಗಳ ಪುಟ್ಟ ಸರ್ಕಸ್ ಕಟ್ಟಿ ಕೈಯಿಂದಲೇ ಕುಣಿಸಿದರು. ಆಮೇಲೆ ಹಿಡಿ ತಿರುಗಿಸಿದರೆ, ಮೋಟಾರು ಹಾಕಿದರೆ ಚಲಿಸುವ ಶಿಲ್ಪ ಮಾಡಿದರು. 1931ರಲ್ಲಿ ಅವುಗಳಿಗೆ ‘ಮೊಬೈಲ್’ ಎಂದು ಹೆಸರಿಟ್ಟವರು ಕಲಾವಿದ ಮಾರ್ಸೆಲ್ ದುಷಾಂ. ಆದರೆ ಮೋಟಾರು ಮಾಡಿದ್ದನ್ನೇ ಮಾಡುತ್ತದೆ. ಕಾಲ್ಡರ್ ಹೆಚ್ಚಾಗಿ ಗಾಳಿಯ ಕಡೆಗೆ ಹೊರಳಿದರು. ತಗಡಿನ ಎಲೆಗಳನ್ನು ತಂತಿಯಲ್ಲಿ ತೂಗಿಬಿಟ್ಟರೆ ಸಣ್ಣ ಗಾಳಿಗೂ ಒಂದೊಂದು ಸಲ ಒಂದೊಂದು ರೀತಿ ತಿರುಗುತ್ತವೆ. 1955ರಲ್ಲಿ ಗಿರಾ ಸಾರಾಭಾಯಿ ಅವರ ಕರೆಯ ಮೇಲೆ ಭಾರತಕ್ಕೆ ಬಂದು, ಅಹಮದಾಬಾದಿನ ಅವರ ಮನೆಯಲ್ಲಿದ್ದುಕೊಂಡು ಹಲವು ಶಿಲ್ಪಗಳನ್ನು ಮಾಡಿದರು. 1976ರಲ್ಲಿ ತೀರಿಕೊಂಡರು.

ಅದೇ ದಾರಿಯಲ್ಲಿ ಇನ್ನೂ ದೊಡ್ಡದು ಮಾಡಿದವರು ಜಪಾನಿನ ಸುಸುಮು ಶಿಂಗು. 1937ರಲ್ಲಿ ಒಸಾಕಾದಲ್ಲಿ ಹುಟ್ಟಿ, ರೋಮ್‌ನಲ್ಲಿ ಚಿತ್ರಕಲೆ ಕಲಿತು, ಗಾಳಿ ಮತ್ತು ನೀರಿನಿಂದ ತಿರುಗುವ ಶಿಲ್ಪಗಳಿಗೆ ಬದುಕು ಕೊಟ್ಟರು. 2000ದಲ್ಲಿ ಶುರುವಾದ ಅವರ ‘ವಿಂಡ್ ಕ್ಯಾರವಾನ್’ನಲ್ಲಿ 21 ಗಾಳಿಶಿಲ್ಪಗಳು ಲೋಕ ಸುತ್ತಿದವು. ಮೊದಲು ನಿಂತದ್ದು ಸಾಂಡಾ ಊರಿನ ಭತ್ತದ ಗದ್ದೆಯಲ್ಲಿ. ಅಲ್ಲಿಂದ ನ್ಯೂಜಿಲೆಂಡ್, ಫಿನ್ಲೆಂಡ್, ಮೊರಾಕ್ಕೊ, ಮಂಗೋಲಿಯಾ, ಬ್ರೆಜಿಲ್.

ಕೊಡಗಿನಲ್ಲಿ ಗಾಳಿಗೇನು ಬರ? ಆಟಿ ತಿಂಗಳ ಗಾಳಿಮಳೆ ಮರಗಳನ್ನೇ ಬುಡಸಮೇತ ಕೆಡವುತ್ತದೆ. ಆದರೂ ನಮ್ಮ ಚಲನಶಿಲ್ಪ ಗಾಳಿಯನ್ನು ನಂಬಲಿಲ್ಲ. ಕಾರಣ ಸರಳ. ಗಾಳಿಗೆ ಕಥೆ ಗೊತ್ತಿಲ್ಲ. ಕಾಲ್ಡರ್‌ಗೆ ಬೇಕಾದದ್ದು ಯಾವ ಹೊತ್ತಿಗೆ ಏನಾಗುತ್ತದೋ ಗೊತ್ತಿಲ್ಲದ ಚಲನೆ. ಮಂಟಪಕ್ಕೆ ಬೇಕಾದದ್ದು ಎಲ್ಲರಿಗೂ ಗೊತ್ತಿರುವ ಚಲನೆ. ದೇವಿಯ ಮಾತು ಮುಗಿದ ಕ್ಷಣಕ್ಕೆ ತ್ರಿಶೂಲ ಇಳಿಯಬೇಕು, ಅಸುರ ಬೀಳಬೇಕು, ಐದು ನಿಮಿಷ ಮೊದಲೂ ಅಲ್ಲ ಆಮೇಲೂ ಅಲ್ಲ. ಕಥೆ ಗೊತ್ತಿದ್ದೂ ಜನ ಉಸಿರು ಹಿಡಿದು ನೋಡುತ್ತಾರೆ. ಮೋಟಾರು ಕಾಲ್ಡರ್‌ಗೆ ಬೇಸರ ತಂದಿತು. ಮಡಿಕೇರಿಯಲ್ಲಿ ಅದೇ ಮೋಟಾರು ಪುರಾಣ ಹೇಳುವುದನ್ನು ಕಲಿಯಿತು.

ಈಗ ಆ ಕಲಿಕೆಗೇ ಪೆಟ್ಟು ಬೀಳುತ್ತಿದೆ. ಮಂಟಪಗಳಿಗೆ ತೀರ್ಪುಗಾರರಿದ್ದಾರೆ, ಬಹುಮಾನವಿದೆ. ಪೈಪೋಟಿ ಇರುವಲ್ಲಿ ಬೇಗ ಕಣ್ಣಿಗೆ ಬೀಳುವುದಕ್ಕೇ ಹೆಚ್ಚು ಖರ್ಚು. ದೀಪದ ಬೋರ್ಡು, ಹೊಗೆ, ಎದೆ ನಡುಗಿಸುವ ಧ್ವನಿವರ್ಧಕ ದೊಡ್ಡದಾಗುತ್ತಾ ಹೋದಂತೆ ಕೀಲಿನ ಕೆಲಸ ಅದರ ಹಿಂದೆ ಮರೆಯಾಗುತ್ತಿದೆ. ಬೋರ್ಡು ಬಾಡಿಗೆಗೆ ಸಿಗುತ್ತದೆ. ಇಳಿಜಾರಿನಲ್ಲಿ ವಾಲದ ಕೀಲು ಬಾಡಿಗೆಗೆ ಸಿಗುವುದಿಲ್ಲ. 2018ರ ಭೂಕುಸಿತದ ವರ್ಷ, 2020ರ ಕೋವಿಡ್ ವರ್ಷ ದಸರಾ ಸರಳವಾಗಿ ನಡೆಯಿತು. ಅಬ್ಬರ ಇಲ್ಲದೆಯೂ ಹಬ್ಬ ಹಬ್ಬವೇ ಎಂದು ಆ ವರ್ಷಗಳು ತೋರಿಸಿಕೊಟ್ಟವು.

ಎರಡನೆಯ ಪೆಟ್ಟು ಮರೆವಿನದು. ಕಾಲ್ಡರ್ ಬಗ್ಗಿದ ತಂತಿಗೂ ವಸ್ತುಸಂಗ್ರಹಾಲಯದಲ್ಲಿ ಸಂಖ್ಯೆಯಿದೆ, ವರ್ಷವಿದೆ. ಮಂಟಪವನ್ನು ಹಬ್ಬ ಮುಗಿದ ಮೇಲೆ ಬಿಚ್ಚುತ್ತಾರೆ. ಕಬ್ಬಿಣ ಬೇರೆ ಕೆಲಸಕ್ಕೆ ಹೋಗುತ್ತದೆ. ದಸರಾಕ್ಕೆ ಮೊದಲು ಯಾವ ಮಂಟಪದಲ್ಲಿ ಯಾವ ಕಥೆ, ಕಲಾಕೃತಿ ಯಾರದು ಎಂದು ಸ್ಥಳೀಯ ಪತ್ರಿಕೆಗಳು ಬರೆಯುತ್ತವೆ. ದಸರಾ ಆದ ಮೇಲೆ ಉಳಿಯುವುದು ಬಹುಮಾನ ಪಡೆದ ದೇವಸ್ಥಾನದ ಹೆಸರು. ಭುಜದ ಕೀಲಿಗೆ ಉಪಾಯ ಹುಡುಕಿದ ಮೆಕ್ಯಾನಿಕ್ ಎಲ್ಲೂ ಇಲ್ಲ.

ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಮ್ಮಂಥವರಿಗೆ ಇಲ್ಲಿ ಕೆಲಸವಿದೆ, ದುಡ್ಡು ಬೇಕಾಗದ ಕೆಲಸ. ಹಳೆಯ ಪತ್ರಿಕೆಗಳ ನವರಾತ್ರಿ ಸಂಚಿಕೆಗಳನ್ನು ತೆಗೆದು ವರ್ಷ, ಮಂಟಪ, ಕಥೆ, ಕಲಾವಿದ ಎಂದು ಪಟ್ಟಿ ಮಾಡಬಹುದು. ಮೂವತ್ತು ವರ್ಷದ ಹಿಂದೆ ಮೋಟಾರು ಕೂರಿಸಿದವರು ಇನ್ನೂ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಬಹುದು. ಈ ಸಲ ಮಂಟಪ ನೋಡಲು ಹೋದವರು ಮುಂದಿನಿಂದ ಒಂದು ಫೋಟೊ ತೆಗೆದರೆ ಹಿಂದಿನಿಂದ ಎರಡು ತೆಗೆಯಿರಿ. ದೇವಿಯ ಮುಖ ಎಲ್ಲರ ಮೊಬೈಲಿನಲ್ಲೂ ಇದೆ. ಅವಳ ತೋಳನ್ನು ಎತ್ತಿದ ಕಬ್ಬಿಣ, ಆ ಕಬ್ಬಿಣವನ್ನು ಬೆಸೆದ ಕೈ ಚರಿತ್ರೆಗೆ ಬೇಕು.