ಗುಂಗುರು ಕೂದಲಿನ ತುದಿ ಒಣಗದಂತೆ, ಸೀಳದಂತೆ ನೋಡಿಕೊಳ್ಳುವುದು ಹೇಗೆ?
ಆದೋನಿ ಸೀಮೆಯ ನೀರು, ಬಿಸಿಲಿಗೆ ತಕ್ಕ ಕೈಪಿಡಿ

ಆದೋನಿ, ಆಲೂರು, ಹೊಳಗುಂದ, ಕೌತಾಳ, ಕೋಸಿಗಿ, ಮಂತ್ರಾಲಯ, ಎಮ್ಮಿಗನೂರು ಕಡೆಯ ನಮ್ಮ ಮನೆಗಳಲ್ಲಿ ಗುಂಗುರು ಕೂದಲಿನ ಮಕ್ಕಳಿಗೆ ಕೊರತೆಯಿಲ್ಲ. ಅವರ ತಾಯಂದಿರ ದೂರು ಕೂಡ ಎಲ್ಲ ಕಡೆ ಒಂದೇ: “ಎಷ್ಟು ಎಣ್ಣೆ ಹಚ್ಚಿದ್ರೂ ಬುಡ ಜಿಡ್ಡು, ತುದಿ ಕಡ್ಡಿ.” ಹಣಿಗೆ ಹಾಕಿದರೆ ಸಿಕ್ಕು, ಎಳೆದರೆ ತುಂಡು. ಕೊನೆಗೆ ಬೇಸತ್ತು ಚಿಕ್ಕಂದಿನಲ್ಲೇ ಗಿಡ್ಡ ಮಾಡಿಸುತ್ತಾರೆ, ಇಲ್ಲವೇ ಮದುವೆ ಗೊತ್ತಾದ ಕೂಡಲೇ ಪಾರ್ಲರಿಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ನೆಟ್ಟಗೆ ಮಾಡಿಸುತ್ತಾರೆ. ಎರಡೂ ಬೇಕಿಲ್ಲ. ಗುಂಗುರು ಕೂದಲು ರೋಗವಲ್ಲ, ಕೊಳಕೂ ಅಲ್ಲ. ಅದರ ಆರೈಕೆಯ ಕ್ರಮ ಬೇರೆ, ಅಷ್ಟೆ. ನಮ್ಮ ಕಡೆ ಸಿಗುವ ವಸ್ತುಗಳಲ್ಲೇ ಅದನ್ನು ಮಾಡುವ ಬಗೆಯನ್ನು ಇಲ್ಲಿ ಒಟ್ಟಿಗೆ ಕೊಡಲಾಗಿದೆ.

ತುದಿಯೇ ಯಾಕೆ ಒಣಗುತ್ತದೆ?

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡಡಿ, ಅಂದರೆ 60 ಸೆಂಟಿಮೀಟರ್ ಉದ್ದದ ಜಡೆಯಿದ್ದರೆ ಅದರ ತುದಿಗೆ ಐದು ವರ್ಷ ವಯಸ್ಸು. ವಾರಕ್ಕೊಮ್ಮೆ ಎರೆದುಕೊಂಡರೂ ಆ ತುದಿ 260 ಸಲ ನೀರು, ಸೋಪು ಕಂಡಿದೆ. ಐದು ಬೇಸಿಗೆ ದಾಟಿದೆ. ಬುಡದ ಕೂದಲಿಗೂ ತುದಿಯ ಕೂದಲಿಗೂ ಒಂದೇ ಆರೈಕೆ ಸಾಲದು ಎನ್ನುವುದಕ್ಕೆ ಇದೇ ಕಾರಣ.

ಪ್ರತಿ ಕೂದಲಿನ ಮೇಲೆ ಹಂಚು ಹೊದಿಸಿದಂತೆ ತೆಳ್ಳನೆಯ ಪದರಗಳಿರುತ್ತವೆ. ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ನಾರಿನ ಕಟ್ಟು. ತಿಕ್ಕಾಟ, ಬಿಸಿ, ಕ್ಷಾರಗಳಿಂದ ಮೇಲಿನ ಹಂಚು ಎದ್ದು ಉದುರಿದರೆ ಒಳಗಿನ ನಾರು ಬಿಚ್ಚಿಕೊಳ್ಳುತ್ತದೆ. ಹಗ್ಗದ ತುದಿ ಗಂಟಿಲ್ಲದಿದ್ದರೆ ಪಿರಿಪಿರಿಯಾಗಿ ಬಿಚ್ಚುವಂತೆ ಕೂದಲು ಎರಡು ಮೂರಾಗಿ ಕವಲೊಡೆಯುತ್ತದೆ. ಇದೇ ಸೀಳು ತುದಿ.

ಇನ್ನು ಗುಂಗುರಿನ ವಿಷಯ. ನೆತ್ತಿಯ ಚರ್ಮದಲ್ಲಿ ಹುಟ್ಟುವ ಜಿಡ್ಡು ನೆಟ್ಟಗಿನ ಕೂದಲಿನ ಮೇಲೆ ಸುಲಭವಾಗಿ ಇಳಿದು ತುದಿ ಮುಟ್ಟುತ್ತದೆ. ಸುರುಳಿ ಕೂದಲಿನಲ್ಲಿ ತಿರುವು ತಿರುವಿಗೂ ನಿಲ್ಲುತ್ತದೆ. ಹಾಗಾಗಿ ಬುಡ ಜಿಡ್ಡು, ತುದಿ ಒಣ. ಪ್ರತಿ ತಿರುವೂ ಹಣಿಗೆಗೆ ಸಿಕ್ಕುವ ಜಾಗ, ಮುರಿಯುವ ಜಾಗವೂ ಹೌದು.

ಮೊದಲು ನೀರನ್ನು ನೋಡಿ

ನಮ್ಮ ಸೀಮೆಯಲ್ಲಿ ಎಣ್ಣೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ತಲೆಗೆ ಯಾವ ನೀರು ಹಾಕುತ್ತೀರಿ? ತುಂಗಭದ್ರೆಯ ಅಥವಾ ಕಾಲುವೆಯ ನೀರು ನಲ್ಲಿಗೆ ಬರುವ ಮನೆಗಳು ಪುಣ್ಯವಂತ ಮನೆಗಳು. ಬೋರಿನ ನೀರೇ ಗತಿಯಾದ ಕಡೆ ಅದು ಬಹಳ ಸಲ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತವೆ. ಕೂದಲು ಒರಟಾಗುತ್ತದೆ, ಮಂಕಾಗುತ್ತದೆ, ಒಂದಕ್ಕೊಂದು ಉಜ್ಜಿ ತುದಿ ಬೇಗ ಸವೆಯುತ್ತದೆ.

ಪರೀಕ್ಷೆ ಸುಲಭ. ನೀರು ಕಾಯಿಸುವ ಹಂಡೆಯ ಒಳಗೆ ಅಥವಾ ಹೀಟರಿನ ಸುರುಳಿಯ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತಿದ್ದರೆ ನೀರು ಗಡಸು. ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಮೈಸೋಪಿನ ಚೂರು ಹಾಕಿ ಕುಲುಕಿ. ನೊರೆ ಬರದೆ ಹಾಲಿನಂತೆ ಕದಡಿದರೆ ಗಡಸು. ನೀರು ಪರೀಕ್ಷೆಯ ಚೀಟಿ ನಿಮ್ಮಲ್ಲಿದ್ದರೆ ‘ಒಟ್ಟು ಗಡಸುತನ’ ನೋಡಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು.

ಪರಿಹಾರಗಳು:

1. ಗಡಸು ನೀರಿದ್ದ ಮನೆಯಲ್ಲಿ ತಲೆಗೆ ಮೈಸೋಪು ಬೇಡವೇ ಬೇಡ. ಸೋಪು ಕ್ಷಾರ, ಕೂದಲಿನ ಮೇಲಿನ ಹಂಚನ್ನು ಎಬ್ಬಿಸುತ್ತದೆ. ಸೌಮ್ಯ ಶಾಂಪೂ ಅಥವಾ ಸೋಸಿದ ಸೀಗೆಕಾಯಿ ನೀರು ವಾಸಿ.

2. ಎಲ್ಲ ನೀರನ್ನೂ ಬದಲಾಯಿಸಲಾಗದು, ಕೊನೆಯ ಎರಡು ಲೀಟರ್ ಬದಲಾಯಿಸಬಹುದು. ಕುಡಿಯಲು ತರುವ ಕ್ಯಾನಿನ ಶುದ್ಧೀಕರಿಸಿದ ನೀರಿನಲ್ಲಿ ಒಂದೆರಡು ಚೊಂಬು ಎತ್ತಿಟ್ಟುಕೊಂಡು ಕೊನೆಗೆ ತುದಿಗಳನ್ನು ಅದರಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಮೊದಲ ಮಳೆ ಬಿಟ್ಟು ಆಮೇಲೆ ಹಿಡಿದ ಮಾಳಿಗೆ ನೀರು ಇನ್ನೂ ಮೃದು.

3. ಕಾಯಿಸಿ ತಿಳಿಸಿದ ನೀರಿನಲ್ಲಿ ಗಡಸುತನದ ಒಂದು ಪಾಲು ಹಂಡೆಯ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಮಾತ್ರ ಬಳಸಿ. ಎಲ್ಲ ಗಡಸೂ ಹೀಗೆ ಹೋಗುವುದಿಲ್ಲ. ಪಟಿಕ ಹಾಕಿದರೆ ಕೆಸರು ಇಳಿಯುತ್ತದೆಯೇ ಹೊರತು ಗಡಸುತನ ಹೋಗದು.

4. ಎರಡು ವಾರಕ್ಕೊಮ್ಮೆ, ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಕೂದಲಿನ ಉದ್ದಕ್ಕೆ ಹಾಕಿ, ಎರಡು ನಿಮಿಷ ಬಿಟ್ಟು ತೊಳೆಯಿರಿ. ಅಂಟಿದ ಸುಣ್ಣ ಸಡಿಲವಾಗುತ್ತದೆ. ನಿಂಬೆಹಣ್ಣನ್ನು ನೇರವಾಗಿ ತಲೆಗೆ ಉಜ್ಜಬಾರದು. ಹಚ್ಚಿಕೊಂಡು ಬಿಸಿಲಿಗೂ ಹೋಗಬಾರದು.

ಎಣ್ಣೆ: ಯಾವುದು, ಯಾವಾಗ?

ಎಣ್ಣೆ ಕೂದಲಿಗೆ ನೀರು ಕೊಡುವುದಿಲ್ಲ; ಇರುವ ನೀರನ್ನು ಹಿಡಿದಿಡುತ್ತದೆ. ಒಣ ತುದಿಗೆ ಎಣ್ಣೆ ಮೇಲೆ ಎಣ್ಣೆ ಹಚ್ಚಿದರೂ ಅದು ಕಡ್ಡಿಯಾಗಿಯೇ ಉಳಿಯುವುದು ಇದಕ್ಕೇ. ಮೊದಲು ತೇವ, ಆಮೇಲೆ ಎಣ್ಣೆ. ಈ ಕ್ರಮ ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ಕೊಬ್ಬರಿ ಎಣ್ಣೆ: ಎರೆದುಕೊಳ್ಳುವ ಮುಂಚೆ ಹಚ್ಚಲು ಇದೇ ಮೇಲು. 2003ರಲ್ಲಿ ಮುಂಬೈನ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿಯುತ್ತದೆ. (ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಓದುಗರು ತಿಳಿದಿರಲಿ.) ಎರೆದುಕೊಳ್ಳುವ ಒಂದೆರಡು ಗಂಟೆ ಮೊದಲು, ಬುಡಕ್ಕಿಂತ ಹೆಚ್ಚಾಗಿ ಕೆಳಗಿನ ಅರ್ಧಕ್ಕೆ ಹಚ್ಚಿ.

ಔಡಲ ಎಣ್ಣೆ: ತುಂಬ ಮಂದ. ಒಂದು ಪಾಲಿಗೆ ಮೂರು ಪಾಲು ಕೊಬ್ಬರಿ ಎಣ್ಣೆ ಬೆರೆಸಿ ತುದಿಗೆ ಮಾತ್ರ ಹಚ್ಚಿ. ಇಡೀ ತಲೆಗೆ ಹಚ್ಚಿದರೆ ತೊಳೆಯುವಷ್ಟರಲ್ಲಿ ಸಿಕ್ಕು ಬಿದ್ದು ಇನ್ನಷ್ಟು ಕೂದಲು ಹೋಗುತ್ತದೆ.

ಶೇಂಗಾ, ಎಳ್ಳು, ಕುಸುಬೆ ಎಣ್ಣೆ: ಮೇಲೆ ಹೊಳಪು ಕೊಟ್ಟು ತಿಕ್ಕಾಟ ತಗ್ಗಿಸುತ್ತವೆ. ಮನೆಯಲ್ಲಿದ್ದರೆ ಎರೆದುಕೊಂಡ ಮೇಲೆ ತುದಿಗೆ ನಾಲ್ಕು ಹನಿ ಸಾಕು.

ಹತ್ತಿಬೀಜದ ಎಣ್ಣೆ: ಆದೋನಿ ಹತ್ತಿಯ ಊರು, ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ. ಗಾಣದಿಂದ ಬಂದ ಕಪ್ಪು ಕಚ್ಚಾ ಎಣ್ಣೆ ತಲೆಗೆ ಬೇಡ. ಶುದ್ಧೀಕರಿಸಿದ್ದಾದರೆ ತೊಂದರೆಯಿಲ್ಲ, ವಿಶೇಷ ಲಾಭವೂ ಇಲ್ಲ.

ಬಾಟಲಿ ಕೊಳ್ಳುವಾಗ ಹಿಂದಿನ ಚೀಟಿ ಓದಿ. ‘ಹೇರ್ ಆಯಿಲ್’ ಎಂದಿರುವ ಸುವಾಸನೆಯ ಎಣ್ಣೆಗಳಲ್ಲಿ ಹಲವು ‘ಲೈಟ್ ಲಿಕ್ವಿಡ್ ಪ್ಯಾರಾಫಿನ್’, ಅಂದರೆ ಖನಿಜ ಎಣ್ಣೆ. ಅದು ಮೇಲೆ ಜಾರಿಕೆ ಕೊಡುತ್ತದೆ, ಒಳಗೆ ಇಳಿಯುವುದಿಲ್ಲ.

ತೇವ ಹಿಡಿಯುವ ಲೋಳೆಗಳು

ಅಗಸೆ: ಎರಡು ಚಮಚ ಅಗಸೆ ಬೀಜವನ್ನು ಎರಡು ಲೋಟ ನೀರಿನಲ್ಲಿ ಏಳೆಂಟು ನಿಮಿಷ ಕುದಿಸಿ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಸೋಸಲು ಬಾರದು. ಒದ್ದೆ ಕೂದಲಿಗೆ ಬೆರಳಿನಿಂದ ಸವರಿದರೆ ಸುರುಳಿಗಳು ಒಟ್ಟಾಗಿ ನಿಲ್ಲುತ್ತವೆ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇಡಬಹುದು.

ದಾಸವಾಳದ ಎಲೆ, ಮೆಂತ್ಯ, ಲೋಳೆಸರ: ಇವುಗಳ ಲೋಳೆಯೂ ಅದೇ ಕೆಲಸ ಮಾಡುತ್ತದೆ. ಆದರೆ ರುಬ್ಬಿದ್ದನ್ನು ಹಾಗೇ ಮೆತ್ತಬೇಡಿ. ಗುಂಗುರು ಕೂದಲಿನೊಳಗೆ ಸೇರಿದ ಚೂರು ತೆಗೆಯುವಷ್ಟರಲ್ಲಿ ಕೂದಲೇ ಕಿತ್ತುಬರುತ್ತದೆ. ಸೋಸಿದ ಲೋಳೆ ಮಾತ್ರ ಬಳಸಿ. ಸೀಗೆಕಾಯಿ, ಅಂಟುವಾಳದ ಪುಡಿಗೂ ಇದೇ ಮಾತು: ನೆನೆಸಿ, ಕುದಿಸಿ, ಸೋಸಿ.

ವಾರದ ಕ್ರಮ

ಎರೆದುಕೊಳ್ಳುವ ದಿನ: ಮೊದಲು ಎಣ್ಣೆ. ಆಮೇಲೆ ಶಾಂಪೂ ನೆತ್ತಿಗೆ ಮಾತ್ರ; ಕೆಳಗೆ ಇಳಿಯುವ ನೊರೆಯೇ ತುದಿಗೆ ಸಾಕು. ಕಂಡಿಷನರ್ ಅಥವಾ ಲೋಳೆ ಹಚ್ಚಿ, ಒದ್ದೆ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಒಣ ಗುಂಗುರು ಕೂದಲನ್ನು ಬಾಚಲೇಬಾರದು. ನೀರು ಕುದಿಬಿಸಿ ಬೇಡ, ಉಗುರುಬೆಚ್ಚಗಿರಲಿ.

ಒರೆಸುವುದು: ಒರಟು ಟವಲಿನಿಂದ ಗಸಗಸ ಉಜ್ಜಬೇಡಿ. ಹಳೆಯ, ಮೆತ್ತಗಾದ ಪಂಚೆಯಲ್ಲಿ ಸುತ್ತಿ ಒತ್ತಿ. ನೀರು ಸೋರುವುದು ನಿಂತ ಮೇಲೆ, ಇನ್ನೂ ತೇವ ಇರುವಾಗಲೇ ಅಂಗೈಗೆ ನಾಲ್ಕೈದು ಹನಿ ಎಣ್ಣೆ ಹಾಕಿ ತುದಿಗೆ ಒತ್ತಿ.

ನಡುವಿನ ದಿನಗಳು: ಒಣಗಿದಂತೆ ಕಂಡರೆ ಕೈ ಒದ್ದೆ ಮಾಡಿ ತುದಿ ಸವರಿ, ಮೇಲೆ ಎರಡು ಹನಿ ಎಣ್ಣೆ.

ರಾತ್ರಿ: ಸಡಿಲ ಜಡೆ ಹಾಕಿ ಮಲಗಿ. ಹತ್ತಿ ದಿಂಬು ಕೂದಲಿನ ತೇವ ಹೀರುತ್ತದೆ, ಉಜ್ಜುತ್ತದೆ. ಹರಿದ ರೇಷ್ಮೆ ಸೀರೆಯ ಒಂದು ತುಂಡನ್ನು ದಿಂಬಿಗೆ ಹೊಲಿಸಿಕೊಂಡರೆ ಅದಕ್ಕಿಂತ ಅಗ್ಗದ ಔಷಧಿ ಇಲ್ಲ.

ಬೇಸಿಗೆ: ಏಪ್ರಿಲ್, ಮೇ ತಿಂಗಳ ಬಿಸಿಲಿಗೆ, ಬಿಸಿಗಾಳಿಗೆ ಹೊಲಕ್ಕೆ, ಜಿನ್ನಿಂಗ್ ಮಿಲ್ಲಿಗೆ ಹೋಗುವವರು ಜಡೆಯ ತುದಿಯನ್ನೂ ಸೇರಿಸಿ ಬಟ್ಟೆ ಕಟ್ಟಿಕೊಳ್ಳಿ. ತಲೆ ಮಾತ್ರ ಮುಚ್ಚಿ ಜಡೆ ಹೊರಗೆ ಬಿಟ್ಟರೆ ಮುಪ್ಪಾದ ತುದಿಯೇ ಬಿಸಿಲಿಗೆ ಸಿಗುತ್ತದೆ.

ಶಾಲೆಯ ಎರಡು ಜಡೆ

ಶಾಲೆಗೆ ಹೋಗುವ ಹುಡುಗಿಯರಿಗೆ ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟುವುದು ರೂಢಿ. ದಿನವೂ ಒಂದೇ ಜಾಗದಲ್ಲಿ ಮಡಚಿ ಬಿಗಿದರೆ ಆ ಮಡಿಕೆಯಲ್ಲೇ ಕೂದಲು ಮುರಿಯುತ್ತದೆ. ಮಡಿಕೆಯ ಜಾಗ ದಿನಕ್ಕೆ ಸ್ವಲ್ಪ ಬದಲಿಸಿ, ತುದಿಗೆ ಎಣ್ಣೆ ಸವರಿ, ಬರೀ ರಬ್ಬರ್ ಬ್ಯಾಂಡ್ ಬದಲು ಬಟ್ಟೆ ಸುತ್ತಿದ ಬ್ಯಾಂಡ್ ಹಾಕಿ. ಒದ್ದೆ ತಲೆಯಲ್ಲಿ ಬಿಗಿಯಾಗಿ ಹೆಣೆಯಬೇಡಿ. ಹೇನು ತೆಗೆಯುವಾಗ ಕಂಡಿಷನರ್ ಹಚ್ಚಿ, ಸಣ್ಣ ಸಣ್ಣ ಭಾಗ ಮಾಡಿಕೊಂಡು, ಸಿಕ್ಕು ಬಿಡಿಸಿದ ಮೇಲೆಯೇ ಸೀರಣಿಗೆ ಹಾಕಿ.

ಇನ್ನೊಂದು ಮಾತು. ಮಗುವಿನ ತಲೆ ಬಾಚುತ್ತ “ಇದೇನು ಕುರಿ ಉಣ್ಣೆ” ಎಂದು ಬೈಯುವುದು ನಮ್ಮಲ್ಲಿ ಸಾಮಾನ್ಯ. ದೊಡ್ಡವಳಾದ ಮೇಲೆ ಪಾರ್ಲರಿನ ಬಾಗಿಲು ತಟ್ಟಿಸುವುದು ಆ ಮಾತೇ.

ಸೀಳಿದ್ದನ್ನು ಅಂಟಿಸಬಹುದೇ?

ಇಲ್ಲ. ಕೂದಲಿಗೆ ಜೀವವಿಲ್ಲ; ಗಾಯದಂತೆ ಅದು ಮಾಯುವುದಿಲ್ಲ. ಸೀರಮ್‌ಗಳು ಮುಂದಿನ ಎರೆಯುವ ತನಕ ಅಂಟಿಸಿದಂತೆ ತೋರಿಸುತ್ತವೆ, ಅಷ್ಟೆ. ಕತ್ತರಿಸದೆ ಬಿಟ್ಟರೆ ಸೀಳು ಮೇಲಕ್ಕೆ ಏರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ, ಸೀಳಿನಿಂದ 1 ಸೆಂಟಿಮೀಟರ್ ಮೇಲೆ ಕತ್ತರಿಸಿ. ಕತ್ತರಿ ಚೂಪಾಗಿರಲಿ, ಕೂದಲಿಗೆ ಮಾತ್ರ ಬಳಸುವುದಾಗಿರಲಿ. ಕಾಗದ ಕತ್ತರಿಸಿ ಮೊಂಡಾದ ಕತ್ತರಿ ತುದಿಯನ್ನು ಜಜ್ಜಿ ಹೊಸ ಸೀಳು ಹುಟ್ಟಿಸುತ್ತದೆ. ಕೈಯಿಂದ ಸೀಳು ಬಿಡಿಸುತ್ತ ಕೂರುವ ಅಭ್ಯಾಸವಿದ್ದರೆ ಬಿಡಿ.

ನೆಟ್ಟಗೆ ಮಾಡಿಸುವ ಮುಂಚೆ

ಕೂದಲಿನ ಸುರುಳಿ ಹುಟ್ಟುವುದು ಚರ್ಮದೊಳಗಿನ ಬೇರಿನ ಆಕಾರದಿಂದ. ಆದ್ದರಿಂದ ನೆಟ್ಟಗೆ ಮಾಡಿಸಿದ ಮೇಲೆ ಬರುವ ಹೊಸ ಕೂದಲು ಮತ್ತೆ ಗುಂಗುರೇ. ಹಳೆಯದು, ಹೊಸದು ಸೇರುವ ಜಾಗ ದುರ್ಬಲವಾಗಿ ಅಲ್ಲೇ ಮುರಿಯುತ್ತದೆ. ಮುಡಿ ಕೊಟ್ಟರೆ ಕೂದಲಿನ ಗುಣ ಬದಲಾಗುತ್ತದೆ ಎಂಬ ನಂಬಿಕೆಗೂ ಇದೇ ಉತ್ತರ.

‘ಕೆರಾಟಿನ್’ ಎಂಬ ಹೆಸರಿನ ಕೆಲವು ಲೇಪನಗಳಿಗೆ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಕಣ್ಣುರಿ, ಗಂಟಲುರಿ ಬಂದರೆ ಅಲ್ಲಿಂದ ಎದ್ದು ಬನ್ನಿ. ಬಸುರಿಯರು, ಉಬ್ಬಸವಿರುವವರು ಹೋಗಲೇಬೇಡಿ. ಇಡೀ ದಿನ ಅದೇ ಗಾಳಿ ಉಸಿರಾಡುವ ಪಾರ್ಲರಿನ ಹುಡುಗಿಯರಿಗೆ ಅಪಾಯ ಇನ್ನೂ ಹೆಚ್ಚು. ಒದ್ದೆ ಕೂದಲಿಗೆ ಇಸ್ತ್ರಿ ಇಟ್ಟರಂತೂ ಒಳಗಿನ ನೀರು ಕುದಿದು ಗುಳ್ಳೆಯಾಗಿ ಕೂದಲು ಅಲ್ಲೇ ತುಂಡಾಗುತ್ತದೆ.

ಡಾಕ್ಟರ ಬಳಿ ಯಾವಾಗ?

ತುದಿ ಸೀಳುವುದು ಆರೈಕೆಯ ವಿಷಯ. ಆದರೆ ಬುಡದಿಂದಲೇ ಹಿಡಿ ಹಿಡಿಯಾಗಿ ಉದುರಿದರೆ, ಬಿಲ್ಲೆಯಂತೆ ಬೋಳಾದರೆ, ನೆತ್ತಿಯಲ್ಲಿ ಕೀವು, ಹಕ್ಕಳೆ ಇದ್ದರೆ ಎಣ್ಣೆ ಬದಲಿಸುತ್ತ ಕಾಲ ಕಳೆಯಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಹುಳುಕಡ್ಡಿ ಇವುಗಳಿಗೆ ಚಿಕಿತ್ಸೆ ಇದೆ. ಚರ್ಮರೋಗದ ಡಾಕ್ಟರಿಗೆ ತೋರಿಸಿ.

ಅಂಗಡಿಯಲ್ಲಿ ಕೇಳಲು ಪದಗಳು

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಮನೆಯಲ್ಲಿ ಕನ್ನಡದ ಹೆಸರು, ಅಂಗಡಿಯಲ್ಲಿ ತೆಲುಗಿನ ಹೆಸರು ನಮಗೆ ರೂಢಿಯಾಗಿದೆ. ಬಳ್ಳಾರಿ, ಸಿರುಗುಪ್ಪ, ರಾಯಚೂರಿನಿಂದ ಸೊಸೆಯಾಗಿ ಬಂದವರಿಗೆ ಈ ಪಟ್ಟಿ:

ಗುಂಗುರು ಕೂದಲು – ಉಂಗರಾಲ ಜುಟ್ಟು
ಅಂಟುವಾಳ – ಕುಂಕುಡುಕಾಯ
ಸೀಗೆಕಾಯಿ – ಶೀಕಾಯ
ಔಡಲ ಎಣ್ಣೆ – ಆಮುದಂ
ಲೋಳೆಸರ – ಕಲಬಂದ
ಮೆಂತ್ಯ – ಮೆಂತುಲು
ಅಗಸೆ ಬೀಜ – ಅವಿಸೆ ಗಿಂಜಲು
ದಾಸವಾಳ – ಮಂದಾರಂ

ಕೊನೆಯದರಲ್ಲಿ ಎಚ್ಚರ: ಕನ್ನಡದಲ್ಲಿ ಮಂದಾರ ಎಂದರೆ ಬೇರೆ ಮರ. ಎಲೆ ಕೊಡಲು ಯಾರಿಗಾದರೂ ಹೇಳಿಕಳಿಸುವಾಗ ಹೂ ತೋರಿಸಿಯೇ ಕಳಿಸಿ.

ಈ ಕ್ರಮವನ್ನು ಮೂರು ತಿಂಗಳು ಬಿಡದೆ ನಡೆಸಿ. ಹಳೆಯ ಸೀಳು ಕತ್ತರಿಗೆ ಹೋಗಿರುತ್ತದೆ, ಹೊಸ ಸೀಳು ಕಡಿಮೆಯಾಗಿರುತ್ತದೆ. ನಿಮ್ಮ ಊರಿನ ನೀರಿಗೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದನ್ನು ಸಂಘಕ್ಕೆ ತಿಳಿಸಿದರೆ ಪಕ್ಕದ ಊರಿನವರಿಗೂ ಉಪಯೋಗವಾಗುತ್ತದೆ.