ನಿಧಾನಕ್ಕೂ ಒಂದು ಇತಿಹಾಸ

ಯಾವ ಯಂತ್ರ ನಿಧಾನವಾದರೂ ನಾವು ಮೊದಲು ಬೈಯುವುದು ಪ್ರೊಸೆಸರನ್ನು. ಫೋನ್ ತಡವರಿಸಿದರೆ "ರ‍್ಯಾಮ್ ಸಾಲದು" ಅಂತೀವಿ. ಆಫೀಸಿನಲ್ಲಿ ಒಂದು ಪುಟ ತೆರೆಯಲು ತಡವಾದರೆ "ಇನ್ನೊಂದು ಸರ್ವರ್ ಹಾಕಿ" ಅಂತೀವಿ. ನಾನು ಹೊಟ್ಟೆಪಾಡಿಗೆ ಮಾಡುವುದು ಇದೇ ಕೆಲಸ, ನಿಧಾನವಾದ ಸಾಫ್ಟ್‌ವೇರ್ ಯಾಕೆ ನಿಧಾನ ಅಂತ ಹುಡುಕುವುದು. ಎಷ್ಟೋ ಸಲ ಕಾರಣ ಯಂತ್ರದೊಳಗೆ ಸಿಗುವುದೇ ಇಲ್ಲ. ಯಾರೋ, ಯಾವಾಗಲೋ, ಬೇರೆ ಯಾವುದೋ ಅನುಕೂಲಕ್ಕೆ ಮಾಡಿದ ತೀರ್ಮಾನ ಇವತ್ತಿಗೂ ಸುಮ್ಮನೆ ನಡೆದುಕೊಂಡು ಬಂದಿರುತ್ತದೆ. ತಂಡಕ್ಕೆ ಹೊಸದಾಗಿ ಸೇರಿದವರಿಗೆ ಇದನ್ನು ವಿವರಿಸಬೇಕಾದಾಗ ನಾನು ಹೇಳುವುದು ಒಂದು ಆಟದ ಪೆಟ್ಟಿಗೆಯ ಕಥೆ.

ಪೆಟ್ಟಿಗೆಯ ಹೆಸರು ಪ್ಲೇಸ್ಟೇಷನ್ ಕ್ಲಾಸಿಕ್. ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1994ರ ಡಿಸೆಂಬರ್ 3ರಂದು. ಸರಿಯಾಗಿ 24 ವರ್ಷದ ನಂತರ, 2018ರ ಡಿಸೆಂಬರ್ 3ರಂದು, ಸೋನಿ ಅದರ ಅಂಗೈಯಗಲದ ಪ್ರತಿರೂಪವನ್ನು ಹೊರತಂದಿತು. ಬೆಲೆ 100 ಡಾಲರ್, ಒಳಗೆ 20 ಆಟ. ಅದಕ್ಕೂ ಮೊದಲು ನಿಂಟೆಂಡೊ 2016ರಲ್ಲಿ ಮತ್ತು 2017ರಲ್ಲಿ ಇಂಥವೇ ಎರಡು ಪುಟ್ಟ ಪೆಟ್ಟಿಗೆ ಮಾಡಿ ಜನರನ್ನು ಅಂಗಡಿ ಮುಂದೆ ಸಾಲು ನಿಲ್ಲಿಸಿತ್ತು. ಇದೂ ಹಾಗೇ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆದದ್ದೇ ಬೇರೆ. ಆ ತಿಂಗಳು ಮುಗಿಯುವ ಮೊದಲೇ ಅಮೆರಿಕದ ಅಂಗಡಿಗಳಲ್ಲಿ ಅದರ ಬೆಲೆ 60 ಡಾಲರಿಗೆ ಇಳಿದಿತ್ತು. ಮುಖ್ಯ ದೂರು ಒಂದೇ: ಆಟಗಳು ಎಳೆಯುತ್ತವೆ, ಕುಂಟುತ್ತವೆ, ನೆನಪಿನಲ್ಲಿ ಇದ್ದಷ್ಟು ಚುರುಕಾಗಿಲ್ಲ.

ಈಗ ನೀವೇ ಪತ್ತೇದಾರಿಕೆ ಮಾಡಿ ನೋಡಿ. ಮೊದಲ ಅನುಮಾನ ಟಿವಿಯ ಮೇಲೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಸಿಗ್ನಲ್ ಬಂದ ಹಾಗೇ ತೋರಿಸುತ್ತಿತ್ತು. ಇವತ್ತಿನ ಟಿವಿ ಬಣ್ಣ ತಿದ್ದಿ, ಅಂಚು ಚೂಪು ಮಾಡಿ, ಆಮೇಲೆ ತೋರಿಸುತ್ತದೆ. ಹಾಗಾಗಿ ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಏಟು ಬೀಳುವುದಕ್ಕೂ ನಡುವೆ ಸಣ್ಣ ಅಂತರ ಬರುತ್ತದೆ. ಸೆಟ್ಟಿಂಗ್ಸಿನಲ್ಲಿ 'ಗೇಮ್ ಮೋಡ್' ಹಾಕಿದರೆ ಅದು ಬಹುಪಾಲು ಹೋಗುತ್ತದೆ. ಯಾವ ಹಳೆ ಆಟದ ಪೆಟ್ಟಿಗೆ ತಂದರೂ ಮಾಡಬೇಕಾದ ಮೊದಲ ಕೆಲಸ ಇದೇ. ಆದರೆ ಗೇಮ್ ಮೋಡ್ ಹಾಕಿದ ಮೇಲೂ ಈ ಪೆಟ್ಟಿಗೆಯ ಕೆಲವು ಆಟ ಎಳೆಯುತ್ತಲೇ ಇದ್ದವು.

ಎರಡನೆಯ ಅನುಮಾನ ಪ್ರೊಸೆಸರ್ ಮೇಲೆ. ಒಳಗಿರುವುದು ಮೀಡಿಯಾಟೆಕ್ ಕಂಪನಿಯ ನಾಲ್ಕು ಕೋರಿನ ಚಿಪ್, ಜೊತೆಗೆ 1 ಜಿಬಿ ಮೆಮೊರಿ. ದೊಡ್ಡ ಚಿಪ್ ಏನಲ್ಲ. ಆದರೆ ಹಳೆಯ ಪ್ಲೇಸ್ಟೇಷನ್ನಿನಂತೆ ನಟಿಸಲು ಇದರಲ್ಲಿ ಬಳಸಿದ ಎಮ್ಯುಲೇಟರ್ ಪಿಸಿಎಸ್ಎಕ್ಸ್ ರಿಆರ್ಮ್ಡ್. ಇದನ್ನು ನೋಟಾಜ್ ಎಂಬ ಅಡ್ಡಹೆಸರಿನ ಹವ್ಯಾಸಿ ಪ್ರೋಗ್ರಾಮರ್ ಪಂಡೋರಾ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕಾಗಿ ಪಳಗಿಸಿದ್ದರು. ಪಂಡೋರಾದ ಪ್ರೊಸೆಸರಿಗೆ ಇದ್ದದ್ದು ಒಂದೇ ಕೋರ್, ವೇಗ 600 ಮೆಗಾಹರ್ಟ್ಸ್. ಅಲ್ಲಿ ಓಡಿದ್ದು ಇಲ್ಲಿ ಕುಂಟಬೇಕಾದರೆ ಚಿಪ್ಪನ್ನು ಬೈದು ಪ್ರಯೋಜನ ಇಲ್ಲ.

ಉಳಿದದ್ದು ಆಟಗಳೇ. ಅಮೆರಿಕದಲ್ಲಿ ಮತ್ತು ಯುರೋಪಿನಲ್ಲಿ ಮಾರಿದ ಪೆಟ್ಟಿಗೆಯ 20 ಆಟಗಳಲ್ಲಿ 9 ಆಟಗಳು ಯುರೋಪಿನ ಡಿಸ್ಕುಗಳಿಂದ ತೆಗೆದವು. ಟೆಕ್ಕೆನ್ 3, ರೆಸಿಡೆಂಟ್ ಈವಿಲ್, ಗ್ರ್ಯಾಂಡ್ ಥೆಫ್ಟ್ ಆಟೋ ಎಲ್ಲ ಅದರಲ್ಲೇ ಬಂದವು. ಯುರೋಪಿನ ಡಿಸ್ಕ್ ಅಂದರೆ ಪಾಲ್ ಡಿಸ್ಕ್. ಪಾಲ್ ಅಂದರೆ ಸೆಕೆಂಡಿಗೆ 50 ಸಲ ಚಿತ್ರ ಬದಲಾಗುವ ಟಿವಿ ಪದ್ಧತಿ. ಜಪಾನ್ ಮತ್ತು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಇದು ಸುಮಾರು 60.

ಇದರಿಂದ ಏನಾಗುತ್ತದೆ? ಆ ಕಾಲದ ಬಹಳಷ್ಟು ಆಟಗಳು ಗಡಿಯಾರ ನೋಡುತ್ತಿರಲಿಲ್ಲ, ಫ್ರೇಮ್ ಎಣಿಸುತ್ತಿದ್ದವು. 'ಪ್ರತಿ ಫ್ರೇಮಿಗೆ ಎರಡು ಪಿಕ್ಸೆಲ್ ಮುಂದೆ ಹೋಗು' ಅಂತ ಬರೆದಿದ್ದರೆ, ಸೆಕೆಂಡಿಗೆ 60 ಫ್ರೇಮ್ ಇರುವಲ್ಲಿ 120 ಪಿಕ್ಸೆಲ್, 50 ಇರುವಲ್ಲಿ 100. ಅಂದರೆ ಆರರಲ್ಲಿ ಒಂದು ಪಾಲು ವೇಗ ಮಾಯ. ಜಪಾನಿನಲ್ಲಿ ಒಂದು ನಿಮಿಷ ಹಿಡಿದದ್ದು ಯುರೋಪಿನಲ್ಲಿ 72 ಸೆಕೆಂಡು ಹಿಡಿಯುತ್ತಿತ್ತು. ಕೆಲವು ಕಂಪನಿಗಳು ಲೆಕ್ಕ ತಿದ್ದಿ ಯುರೋಪಿಗೆ ಬೇರೆಯೇ ಆವೃತ್ತಿ ಮಾಡುತ್ತಿದ್ದವು. ಇನ್ನು ಕೆಲವು ಹಾಗೇ ಕಳಿಸುತ್ತಿದ್ದವು. ಪಾಲ್ ಚಿತ್ರದಲ್ಲಿ ಗೆರೆಗಳು ಜಾಸ್ತಿ ಇದ್ದದ್ದರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು, ಪಾತ್ರಗಳೆಲ್ಲ ಒಂದಿಷ್ಟು ಕುಳ್ಳಗೆ ಕಾಣುತ್ತಿದ್ದವು. 1991ರ ಸಾನಿಕ್ ಆಟವನ್ನು ಯುರೋಪಿನ ಮಕ್ಕಳು ಆಡಿದ್ದು ಹೀಗೆಯೇ. ಓಟಕ್ಕೇ ಹೆಸರಾದ ಪಾತ್ರ ಅಲ್ಲಿ ನಿಧಾನವಾಗಿ ಓಡಿತು, ಹಾಡೂ ನಿಧಾನವಾಗಿ ಕೇಳಿಸಿತು.

2018ರ ಪೆಟ್ಟಿಗೆಯಲ್ಲಿ ಇದರ ಮೇಲೆ ಇನ್ನೊಂದು ತೊಂದರೆ ಕೂತಿತು. ಪೆಟ್ಟಿಗೆ ಟಿವಿಗೆ ಕಳಿಸುವುದು ಸೆಕೆಂಡಿಗೆ 60 ಚಿತ್ರ. ಆಟ ಕೊಡುವುದು 50. ಅರವತ್ತು ಎಲೆ ಹಾಕಿದ ಪಂಕ್ತಿಯಲ್ಲಿ ಐವತ್ತೇ ಹೋಳಿಗೆ ಇದ್ದರೆ ಬಡಿಸುವವನು ಏನು ಮಾಡಬೇಕು? ಇಲ್ಲಿ ಮಾಡುವುದು ಇಷ್ಟೇ: ಪ್ರತಿ ಐದು ಚಿತ್ರಕ್ಕೆ ಒಂದನ್ನು ಎರಡು ಸಲ ತೋರಿಸಿ ಆರು ಮಾಡುವುದು. ಸೆಕೆಂಡಿಗೆ ಹತ್ತು ಸಲ ಹೀಗಾಗುತ್ತದೆ. ದೃಶ್ಯ ಅಡ್ಡಡ್ಡ ಸರಿಯುವಾಗ ಕಣ್ಣಿಗೆ ಅದು ಎಡವಿದ ಹಾಗೆ ಕಾಣುತ್ತದೆ. ಆಟ ನಿಧಾನವೂ ಹೌದು, ಕುಂಟುವುದೂ ಹೌದು. ಎಷ್ಟೇ ಒಳ್ಳೆಯ ಚಿಪ್ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ಈ 50 ಎಲ್ಲಿಂದ ಬಂತು? ಇಲ್ಲಿಂದ ನಾವು ನೂರು ವರ್ಷಕ್ಕೂ ಹಿಂದೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಎಸಿ ವಿದ್ಯುತ್ತಿಗೆ ಸೆಕೆಂಡಿಗೆ 60 ಆವರ್ತನ ಆರಿಸಿಕೊಂಡಿತು. ಜರ್ಮನಿಯ ಎಇಜಿ 50 ಆರಿಸಿಕೊಂಡಿತು. ಅಮೆರಿಕ ಮೊದಲನೆಯದರ ಹಿಂದೆ ಹೋಯಿತು, ಯುರೋಪ್ ಎರಡನೆಯದರ ಹಿಂದೆ. ಆಮೇಲೆ ಟಿವಿ ಬಂದಾಗ ಎಂಜಿನಿಯರುಗಳು ಚಿತ್ರ ಬದಲಾಗುವ ವೇಗವನ್ನು ಕರೆಂಟಿನ ಆವರ್ತನಕ್ಕೇ ಹೊಂದಿಸಿದರು. ಯಾಕೆಂದರೆ ಎರಡೂ ಬೇರೆಬೇರೆಯಾದರೆ ಕರೆಂಟಿನ ಗದ್ದಲ ಪರದೆಯ ಮೇಲೆ ಪಟ್ಟಿಯಾಗಿ ಹರಿದಾಡುತ್ತಿತ್ತು. ಆ ಕಾಲಕ್ಕೆ ಅದು ಜಾಣತನದ ಪರಿಹಾರ. 1936ರಲ್ಲಿ ಬಿಬಿಸಿ 50ರಲ್ಲಿ ಶುರುಮಾಡಿತು, 1941ರಲ್ಲಿ ಅಮೆರಿಕ 60ರಲ್ಲಿ. ಬಣ್ಣ ಬಂದಾಗಲೂ ಇದೇ ಗಡಿ ಉಳಿಯಿತು. ಜರ್ಮನಿಯ ಟೆಲಿಫುಂಕೆನ್ ಕಂಪನಿಯಲ್ಲಿ ವಾಲ್ಟರ್ ಬ್ರೂಖ್ ರೂಪಿಸಿದ ಪಾಲ್ ಪದ್ಧತಿ 1967ರಲ್ಲಿ ಪ್ರಸಾರಕ್ಕೆ ಬಂತು, 50ರ ಮೇಲೆಯೇ ನಿಂತಿತು.

ನಮ್ಮದೂ ಅದೇ ಪಂಗಡ. ಭಾರತದ ಕರೆಂಟು 50. 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ನಡೆದ ವರ್ಷ, ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಆರಿಸಿಕೊಂಡದ್ದೂ ಪಾಲ್.

ಈಗ ತಮಾಷೆ ನೋಡಿ. ಪ್ಲೇಸ್ಟೇಷನ್ ಕ್ಲಾಸಿಕ್ ಓಡುವುದು ಯುಎಸ್‌ಬಿ ಕೇಬಲಿನ 5 ವೋಲ್ಟ್ ಡಿಸಿಯಲ್ಲಿ. ಅದಕ್ಕೆ ಆವರ್ತನ ಅನ್ನುವುದೇ ಇಲ್ಲ. ಅದು ಜೋಡಿಸಿಕೊಳ್ಳುವುದು ಎಚ್‌ಡಿಎಂಐ ಟಿವಿಗೆ. ಅಲ್ಲಿ ಪಾಲ್ ಇಲ್ಲ, ಎನ್‌ಟಿಎಸ್‌ಸಿಯೂ ಇಲ್ಲ. 50 ಅನ್ನುವ ಸಂಖ್ಯೆಗೆ ಕಾರಣವಾದ ಒಂದೊಂದೂ ಹೊರಟುಹೋಗಿದೆ, ಸಂಖ್ಯೆ ಮಾತ್ರ ಡಿಸ್ಕಿನೊಳಗೆ ಕೂತು 2018ಕ್ಕೆ ಬಂದಿದೆ. ಬಿಡಬಹುದಿತ್ತೇ ಅಂದರೆ, ಖಂಡಿತ ಬಿಡಬಹುದಿತ್ತು. ನಿಂಟೆಂಡೊ ತನ್ನ ಎರಡೂ ಪೆಟ್ಟಿಗೆಗಳನ್ನು ಯುರೋಪಿನಲ್ಲಿ ಮಾರುವಾಗಲೂ 60ರ ಆವೃತ್ತಿಗಳನ್ನೇ ತುಂಬಿತ್ತು. ಎಮ್ಯುಲೇಟರನ್ನು ಪ್ಯಾರಿಸ್ಸಿನ ತನ್ನದೇ ತಂಡದಿಂದ ಬರೆಸಿತ್ತು.

ಎಮ್ಯುಲೇಟರಿನ ಕಥೆಯಲ್ಲಿ ಇನ್ನೂ ಒಂದು ತಿರುವು ಇದೆ. 1999ರಲ್ಲಿ ಕನೆಕ್ಟಿಕ್ಸ್ ಮತ್ತು ಬ್ಲೀಮ್ ಎಂಬ ಎರಡು ಸಣ್ಣ ಕಂಪನಿಗಳು ಪ್ಲೇಸ್ಟೇಷನ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಮಾರತೊಡಗಿದವು. ಸೋನಿ ಇಬ್ಬರ ಮೇಲೂ ಕೇಸು ಹಾಕಿತು. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರ ತೀರ್ಪು ಕೊಟ್ಟಿತು. ಇವತ್ತಿಗೂ ಎಮ್ಯುಲೇಟರ್ ಬರೆಯುವವರಿಗೆ ಆ ತೀರ್ಪೇ ಆಸರೆ. ಮರುವರ್ಷ ಸೋನಿ ಆ ಸಾಫ್ಟ್‌ವೇರನ್ನೇ ಕೊಂಡು ಮುಚ್ಚಿತು. ಬ್ಲೀಮ್ ಕೋರ್ಟಿನಲ್ಲಿ ಸೋಲಲಿಲ್ಲ, ಆದರೆ ವಕೀಲರ ಖರ್ಚಿಗೆ ಬಸವಳಿದು 2001ರಲ್ಲಿ ಬಾಗಿಲು ಹಾಕಿತು. ಅದು ಕೊನೆಯಲ್ಲಿ ಬಿಡುಗಡೆ ಮಾಡಿದ ಎಮ್ಯುಲೇಟರುಗಳು ಆಡಿಸುತ್ತಿದ್ದ ಆಟಗಳಲ್ಲಿ ಟೆಕ್ಕೆನ್ 3 ಕೂಡ ಒಂದು. ಹದಿನೇಳು ವರ್ಷದ ನಂತರ ಅದೇ ಸೋನಿ ಅದೇ ಟೆಕ್ಕೆನ್ 3ನ್ನು ಹೊರತಂದಾಗ ಒಳಗಿದ್ದದ್ದು ಹವ್ಯಾಸಿಗಳು ಬಿಡುವಿನಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಎಮ್ಯುಲೇಟರ್. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನಿಲ್ಲ, ಲೈಸೆನ್ಸ್ ಪಟ್ಟಿಯಲ್ಲಿ ಹೆಸರೂ ಇತ್ತು. ಓದಿದಾಗ ಮಾತ್ರ ನನಗೆ ಸ್ವಲ್ಪ ನಗು ಬಂದಿತ್ತು.

ಪರಿಹಾರವೂ ಅದೇ ಹವ್ಯಾಸಿಗಳ ಕಡೆಯಿಂದ ಬಂತು. ಪೆಟ್ಟಿಗೆ ಅಂಗಡಿಗೆ ಬಂದ ಕೆಲವೇ ದಿನಗಳಲ್ಲಿ ಯಾರೋ ಅದಕ್ಕೆ ಮಾಮೂಲಿ ಕೀಬೋರ್ಡ್ ಸಿಕ್ಕಿಸಿ ಎಸ್ಕೇಪ್ ಕೀ ಒತ್ತಿ ನೋಡಿದರು. ಎಮ್ಯುಲೇಟರಿನ ಇಡೀ ಮೆನು ತೆರೆದುಕೊಂಡಿತು. ಕೆಲವು ಕೀಬೋರ್ಡುಗಳಿಗೆ ಮಾತ್ರ ಅದು ಒಲಿಯುತ್ತಿತ್ತು ಅನ್ನುವುದು ಬೇರೆ ಮಾತು. ಮೆನುವಿನಲ್ಲಿ ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಬದಲಿಸುವ ಆಯ್ಕೆಯೂ ಇತ್ತು. ಬದಲಿಸಿದರೆ ಫ್ರೇಮ್ ಎಣಿಸುವ ಆಟ ಚುರುಕಾಗುತ್ತದೆ. ಯುರೋಪಿಗಾಗಿ ಲೆಕ್ಕ ತಿದ್ದಿದ್ದ ಆಟವಾದರೆ ಅತಿಯಾಗಿ ಓಡುತ್ತದೆ. ಆದ್ದರಿಂದ ಗಟ್ಟಿ ಪರಿಹಾರ ಅಂದರೆ ನಿಮ್ಮದೇ ಎನ್‌ಟಿಎಸ್‌ಸಿ ಡಿಸ್ಕಿನ ಪ್ರತಿಯನ್ನು ಪೆನ್‌ಡ್ರೈವಿನಿಂದ ಓಡಿಸುವುದು. ಅದಕ್ಕೆಂದು ಅಭಿಮಾನಿಗಳು ಮಾಡಿದ ಸಾಫ್ಟ್‌ವೇರುಗಳ ಹೆಸರು ಬ್ಲೀಮ್‌ಸಿಂಕ್, ಆಟೋಬ್ಲೀಮ್. ಮುಚ್ಚಿಹೋದ ಕಂಪನಿಯ ಹೆಸರನ್ನು ಅವರು ಮರೆತಿರಲಿಲ್ಲ.

ಇದರಲ್ಲಿ ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದು. ಹಾಗಾದರೆ ಸರಿಯಾದ ವೇಗ ಯಾವುದು? ಲಂಡನ್ನಿನಲ್ಲಿ ಬೆಳೆದವನ ಬಾಲ್ಯ 50ರಲ್ಲೇ ಕಳೆದಿದೆ. ಅವನ ಕಿವಿಗೆ ನಿಧಾನದ ಹಾಡೇ ಸರಿಯಾದ ಹಾಡು. ಬರೆದವರ ಮನಸ್ಸಿನಲ್ಲಿ ಇದ್ದದ್ದು 60. ಎರಡೂ ನಿಜವಾದ ಚರಿತ್ರೆಯೇ, ಎರಡೂ ಉಳಿಯಬೇಕು. ಆದರೆ ಯಾವುದನ್ನು ಕೊಡುತ್ತಿದ್ದೇವೆ, ಯಾಕೆ ಅಂತ ಹೇಳಿ ಕೊಡಬೇಕು. ಮೂವತ್ತು ವರ್ಷ ಹಳೆಯ ಆಟವನ್ನು ಇವತ್ತು ಮೊದಲ ಸಲ ನೋಡುವ ಮಗುವಿಗೆ ಇದೆಲ್ಲ ಗೊತ್ತಿರುವುದಿಲ್ಲ. ಅದು ಐದು ನಿಮಿಷ ಆಡಿ, "ಅಯ್ಯೋ, ಹಳೇ ಗೇಮ್‌ಗಳು ಎಷ್ಟು ಸ್ಲೋ!" ಅಂತ ಎದ್ದು ಹೋಗುತ್ತದೆ. ಕರೆಂಟ್ ಕಂಪನಿಗಳ ತೀರ್ಮಾನದ ಹೊರೆ ಆಟ ಬರೆದವರ ತಲೆಗೆ ಬೀಳುತ್ತದೆ.

ನಮ್ಮ ಕೆಲಸದಲ್ಲೂ ಇಂಥ ಐವತ್ತುಗಳು ಬೇಕಾದಷ್ಟಿವೆ. ಯಾವುದೋ ಫೈಲಿನ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಅದನ್ನು ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಬರೆಯಲು ಇದ್ದ ಕಾರಣವೂ ಅವರ ಜೊತೆ ಹೋಗಿರುತ್ತದೆ. ಮುಂದಿನ ಸಲ ಏನಾದರೂ ನಿಧಾನ ಅನ್ನಿಸಿದರೆ ಹೊಸ ಚಿಪ್ಪಿಗೆ ದುಡ್ಡು ಸುರಿಯುವ ಮೊದಲು ಆ ಸಂಖ್ಯೆಯನ್ನು ಯಾರು, ಯಾವ ಕಾಲದಲ್ಲಿ, ಯಾಕೆ ಬರೆದರು ಅಂತ ಕೇಳಿ ನೋಡಿ.