ಕೂಲಿಯ ಪ್ರಶ್ನೆಯಿಂದ ಹುಟ್ಟಿದ ಆಟ: ಸಿಡ್ನಿಯ 1908ರ ರಗ್ಬಿ ಲೀಗ್ ಋತು

ಕ್ರಿಕೆಟ್ ಬಲ್ಲ ವಾಚಕರಿಗೆ ವಿಕ್ಟರ್ ಟ್ರಂಪರ್ ಎಂಬ ಹೆಸರು ಅಪರಿಚಿತವಲ್ಲ. 1902ರಲ್ಲಿ ಮ್ಯಾಂಚೆಸ್ಟರಿನ ಟೆಸ್ಟ್ ಪಂದ್ಯದ ಮೊದಲ ದಿನ, ಮಧ್ಯಾಹ್ನದ ಊಟದ ವಿರಾಮಕ್ಕೆ ಮುಂಚೆಯೇ ಶತಕ ಬಾರಿಸಿದ ಆಸ್ಟ್ರೇಲಿಯದ ದಾಂಡಿಗರು ಅವರು. ಆದರೆ ಅವರು ಬೇರೊಂದು ಆಟದ ಸಂಘಕ್ಕೆ ಕೋಶಾಧಿಕಾರಿಗಳೂ ಆಗಿದ್ದರೆಂಬುದನ್ನು ಬಲ್ಲವರು ವಿರಳ. ಆ ಸಂಘ ನಡೆಸಿದ ಮೊದಲ ಋತುವಿನ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಬಯಸುತ್ತೇವೆ. ಗೆದ್ದವರು ಯಾರು ಎಂಬುದಕ್ಕಿಂತ, ದುಡಿದು ಉಣ್ಣುವವನು ಆಡಿ ಗಾಯಗೊಂಡರೆ ಆ ನಷ್ಟವನ್ನು ಹೊರುವವರು ಯಾರು ಎಂಬ ಪ್ರಶ್ನೆಯೇ ಈ ಇತಿಹಾಸದ ತಿರುಳು.

ಪ್ರಶ್ನೆಯ ಮೂಲ ಇಂಗ್ಲೆಂಡಿನಲ್ಲಿದೆ. ಉತ್ತರದ ಯಾರ್ಕ್‌ಷೈರ್, ಲ್ಯಾಂಕಾಷೈರ್ ಪ್ರಾಂತಗಳಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಗಣಿ ಮತ್ತು ಗಿರಣಿಯ ಕೆಲಸಗಾರರು ಬಹಳ ಮಂದಿ. ಶನಿವಾರದ ಆಟಕ್ಕೆಂದು ಕೆಲಸ ಬಿಟ್ಟರೆ ಅಂದಿನ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನಾದರೂ ತುಂಬಿಕೊಡಬೇಕೆಂಬ ಸೂಚನೆಯನ್ನು ರಗ್ಬಿ ಯೂನಿಯನ್ 1893ರಲ್ಲಿ ತಿರಸ್ಕರಿಸಿತು. ಆಟಕ್ಕೆ ಹಣ ಮುಟ್ಟಬಾರದೆಂಬುದು ಅದರ ನಿಯಮ. ಕೈಯಲ್ಲಿ ಆಸ್ತಿಯಿದ್ದವರಿಗೆ ಅದು ಸುಲಭವಾದ ವ್ರತ. ಬಡವನಿಗೆ ಮಾತ್ರ ದಂಡ. ಇದರಿಂದ ಬೇಸತ್ತ ಉತ್ತರದ ಕ್ಲಬ್ಬುಗಳು 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸೇರಿ, ‘ನಾರ್ದರ್ನ್ ಯೂನಿಯನ್’ ಎಂಬ ಪ್ರತ್ಯೇಕ ಸಂಘವನ್ನು ಕಟ್ಟಿಕೊಂಡವು. 1906ರಲ್ಲಿ ಆ ಸಂಘವು ತಂಡಕ್ಕೆ ಹದಿನೈದಿದ್ದ ಆಟಗಾರರ ಸಂಖ್ಯೆಯನ್ನು ಹದಿಮೂರಕ್ಕೆ ಇಳಿಸಿದಾಗ ಆಟದ ರೂಪವೂ ಬೇರೆಯಾಯಿತು.

ಹನ್ನೆರಡು ವರ್ಷಗಳ ತರುವಾಯ ಇದೇ ಪ್ರಶ್ನೆ ಸಿಡ್ನಿಯಲ್ಲಿ ತಲೆಯೆತ್ತಿತು. ಅಲೆಕ್ ಬರ್ಡನ್ ಎಂಬ ಆಟಗಾರರು ವೃತ್ತಿಯಿಂದ ಕ್ಷೌರಿಕರು. 1907ರಲ್ಲಿ ಆಟದಲ್ಲಿ ಪೆಟ್ಟಾಗಿ ಅವರು ಕೆಲಸ ಮಾಡಲಾರದಾದರು, ಪರಿಹಾರ ದೊರೆಯಲಿಲ್ಲ. ಅದೇ ವರ್ಷ ಜುಲೈಯಲ್ಲಿ ನ್ಯೂಜಿಲೆಂಡ್ ತಂಡದ ಪಂದ್ಯವೊಂದಕ್ಕೆ ಸುಮಾರು 50 ಸಾವಿರ ಪ್ರೇಕ್ಷಕರು ಹಣ ತೆತ್ತು ಬಂದಿದ್ದರು. ಹಣವಿರಲಿಲ್ಲವೆನ್ನುವಂತಿರಲಿಲ್ಲ, ಆಡಿದವನಿಗೆ ಅದು ಸಲ್ಲಲಿಲ್ಲ, ಅಷ್ಟೆ. ಆಗಸ್ಟ್ 8ರಂದು ನಡೆದ ಸಭೆಯಲ್ಲಿ ‘ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್’ ಜನ್ಮತಾಳಿತು. ಹೆನ್ರಿ ಹಾಯ್ಲ್ ಅಧ್ಯಕ್ಷರು, ಜೇಮ್ಸ್ ಗಿಲ್ಟಿನನ್ ಕಾರ್ಯದರ್ಶಿಗಳು, ಟ್ರಂಪರ್ ಕೋಶಾಧಿಕಾರಿಗಳು.

ಇತ್ತ ನ್ಯೂಜಿಲೆಂಡಿನಲ್ಲಿ ಅಂಚೆ ಇಲಾಖೆಯ ಗುಮಾಸ್ತೆ ಆಲ್ಬರ್ಟ್ ಬಾಸ್ಕರ್‌ವಿಲ್ ಇಂಗ್ಲೆಂಡಿಗೆ ಹೋಗುವ ತಂಡವೊಂದನ್ನು ಸಿದ್ಧಪಡಿಸಿದ್ದರು. ಆಟಗಾರರೇ ಬಂಡವಾಳ ಹೂಡಿ, ಲಾಭವನ್ನು ಹಂಚಿಕೊಳ್ಳುವ ಏರ್ಪಾಡು ಅದು. ಸಿಡ್ನಿಯ ಪತ್ರಿಕೆಗಳು ಆ ತಂಡವನ್ನು ‘ಆಲ್ ಗೋಲ್ಡ್ಸ್’ ಎಂದು ಹಂಗಿಸಿದವು. ಸಿಡ್ನಿಯ ಹೆಸರಾಂತ ಆಟಗಾರ ಡ್ಯಾಲಿ ಮೆಸೆಂಜರ್ ಅವರೂ ಇದರೊಡನೆ ಹೊರಟರು. 1908ರ ಜನವರಿ, ಫೆಬ್ರವರಿಗಳಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮೂರು ಟೆಸ್ಟುಗಳಲ್ಲಿ ಮೊದಲನೆಯದನ್ನು ಸೋತರೂ ಉಳಿದೆರಡನ್ನು ಈ ತಂಡ ಗೆದ್ದುಕೊಂಡಿತು.

1908ರ ಏಪ್ರಿಲ್ 20, ಈಸ್ಟರ್ ಸೋಮವಾರ. ಸಿಡ್ನಿಯಲ್ಲಿ ಕ್ಲಬ್ಬುಗಳ ಮೊದಲ ಪಂದ್ಯಗಳು ಆರಂಭವಾದವು. ಆ ಋತುವಿನಲ್ಲಿ ಒಟ್ಟು ಒಂಬತ್ತು ಕ್ಲಬ್ಬುಗಳು ಭಾಗವಹಿಸಿದವು. ಮೇ 9ರಂದು ಊರಿಗೆ ಮರಳುತ್ತಿದ್ದ ನ್ಯೂಜಿಲೆಂಡ್ ತಂಡವು ಸಿಡ್ನಿಯಲ್ಲಿ ಆಸ್ಟ್ರೇಲಿಯದ ಮೊದಲ ರಾಷ್ಟ್ರೀಯ ತಂಡವನ್ನು 11–10ರಿಂದ ಸೋಲಿಸಿತು. ಆದರೆ ಮೇ 20ರಂದು ಬ್ರಿಸ್ಬೇನ್ ನಗರದಲ್ಲಿ ಬಾಸ್ಕರ್‌ವಿಲ್ ಶ್ವಾಸಕೋಶದ ಜ್ವರದಿಂದ ತೀರಿಕೊಂಡರು, ವಯಸ್ಸು ಇಪ್ಪತ್ತೈದು. ಜೂನಿನಲ್ಲಿ ವೆಲಿಂಗ್ಟನ್ನಿನಲ್ಲಿ ಅವರ ತಾಯಿಯ ಸಹಾಯಾರ್ಥವಾಗಿ ಒಂದು ಪಂದ್ಯವನ್ನಾಡಿದರು. ನ್ಯೂಜಿಲೆಂಡಿನ ನೆಲದಲ್ಲಿ ಹೊಸ ನಿಯಮದಂತೆ ನಡೆದ ಮೊದಲ ಪಂದ್ಯವೇ ಅದು. ಆಡಿದವನ ಮನೆಯವರನ್ನು ಕೈಬಿಡಬಾರದೆಂಬ ತತ್ತ್ವಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆಗಸ್ಟಿನಲ್ಲಿ ಆಸ್ಟ್ರೇಲಿಯದ ತಂಡ ಇಂಗ್ಲೆಂಡಿಗೆ ಹಡಗು ಹತ್ತಿತು. ಮುಖ್ಯ ಆಟಗಾರರು ಹೀಗೆ ತೆರಳಿದ ಮೇಲೆ, ಆಗಸ್ಟ್ 29ರಂದು ಕ್ಲಬ್ಬುಗಳ ಅಂತಿಮ ಪಂದ್ಯ ನಡೆಯಿತು. ಸೌತ್ ಸಿಡ್ನಿ 14, ಈಸ್ಟರ್ನ್ ಸಬರ್ಬ್ಸ್ 12. ಹಡರ್ಸ್‌ಫೀಲ್ಡಿನ ಸಭೆಗೆ ಅಂದಿಗೆ ಸರಿಯಾಗಿ ಹದಿಮೂರು ವರ್ಷ ತುಂಬಿತ್ತೆಂಬುದು ಒಂದು ಯೋಗಾಯೋಗ.

ವಿದೇಶ ಪ್ರವಾಸ ನಷ್ಟಕ್ಕೆ ಬಿತ್ತು. ಆಟಗಾರರು ಊರಿಗೆ ಮರಳಲು ನಾರ್ದರ್ನ್ ಯೂನಿಯನ್ನೇ ನೆರವಾಗಬೇಕಾಯಿತು. 1909ರಲ್ಲಿ ಗಿಲ್ಟಿನನ್, ಹಾಯ್ಲ್, ಟ್ರಂಪರ್ ಮೂವರೂ ಅಧಿಕಾರ ಕಳೆದುಕೊಂಡರು. ಪರರ ನಷ್ಟವನ್ನು ತುಂಬಿಕೊಡಬೇಕೆಂದು ಹೊರಟವರೇ ನಷ್ಟದ ಹೊಣೆ ಹೊತ್ತು ಹೊರನಡೆದರು. ಆದರೂ ಅವರು ನೆಟ್ಟ ಸಸಿ ಒಣಗಲಿಲ್ಲ. ಲೀಗ್ ಹಂತದ ಅಗ್ರಸ್ಥಾನಿಗೆ ಕೊಡುವ ಫಲಕಕ್ಕೆ ಇಂದಿಗೂ ಗಿಲ್ಟಿನನ್ ಅವರ ಹೆಸರೇ ಇದೆ. ಹಣ ಮುಟ್ಟಬಾರದೆಂದು ಪಟ್ಟುಹಿಡಿದಿದ್ದ ರಗ್ಬಿ ಯೂನಿಯನ್ ಆಟವೂ 1995ರಲ್ಲಿ, ಬರೋಬ್ಬರಿ ನೂರು ವರ್ಷಗಳ ಬಳಿಕ, ಆಟಗಾರರ ವೇತನವನ್ನು ಒಪ್ಪಿಕೊಂಡಿತು.

ಆಟದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅಂಕಗಳ ಪಟ್ಟಿಯೆಂದು ಬದಿಗಿಡುತ್ತೇವೆ. 14–12 ಎಂಬ ಅಂಕಿಗಳ ಹಿಂದೆ ಒಬ್ಬ ಕ್ಷೌರಿಕರ ನಿಂತುಹೋದ ದುಡಿಮೆಯಿದೆ, ಮಗನನ್ನು ಕಳೆದುಕೊಂಡ ಒಬ್ಬ ತಾಯಿಯಿದ್ದಾಳೆ. ಇತಿಹಾಸ ಕಲಿಸುವ ನಾವು ಮಕ್ಕಳಿಗೆ ತೋರಿಸಿಕೊಡಬೇಕಾದದ್ದು ಆ ಹಿಂದಿನದನ್ನೇ.